ಮನೆಕೂಟ ನಡೆಸುವ ಜವಾಬ್ದಾರಿ ನಿಮ್ಮ ಪಾಲಿಗೆ ಬಂದಾಗ

ಭಾನುವಾರದ ಆರಾಧನೆ ಮುಗಿಯುವಾಗ ಪ್ರಕಟಣೆ ಓದುತ್ತಾರೆ. ಶುಕ್ರವಾರ ಸಂಜೆ ಏಳಕ್ಕೆ ಇಂಥವರ ಮನೆಯಲ್ಲಿ ಪ್ರಾರ್ಥನಾಕೂಟ, ನಡೆಸುವವರು ಅಂತ ನಿಮ್ಮ ಹೆಸರು ಬರುತ್ತದೆ. ಅಯ್ಯನವರು, ಅಂದರೆ ಸಭಾಪಾಲಕರು, ಅವತ್ತು ಬೇರೆ ಊರಿನ ಸಭೆಯಲ್ಲಿರುತ್ತಾರೆ. ಒಬ್ಬರೇ ಅಯ್ಯನವರು ಎರಡು ಮೂರು ಊರಿನ ಸಭೆಗಳನ್ನು ನೋಡಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಹಾಗಾಗಿ ವಾರದ ಕೂಟಗಳನ್ನು ನಡೆಸಿಕೊಂಡು ಬಂದಿರುವವರು ಹೆಚ್ಚಾಗಿ ಸಭೆಯ ಜನರೇ. ಶಾಲೆಯಿಂದಲೋ ಬ್ಯಾಂಕಿನಿಂದಲೋ ಗಾರ್ಮೆಂಟ್ಸ್‌ನಿಂದಲೋ ಮನೆಗೆ ಬಂದು, ಮುಖ ತೊಳೆದು, ಸತ್ಯವೇದ (ಬೈಬಲ್) ಹಿಡಿದು ಹೊರಡುವವರು.

ಮೊದಲ ಸಲ ಹೆಸರು ಬಂದವರಿಗೆ ಒಂದೇ ಚಿಂತೆ. ನಾನು ಏನು ಮಾತಾಡಲಿ? ನನ್ನ ಪ್ರಕಾರ ಈ ಚಿಂತೆ ಕಡೆಗೆ ಬರಬೇಕಾದದ್ದು. ಮಾತು ಚೆನ್ನಾಗಿದ್ದರೂ ಸೊರಗಿಹೋದ ಕೂಟಗಳನ್ನು ನೋಡಿದ್ದೇನೆ. ಹೆಚ್ಚು ಮಾತೇ ಇಲ್ಲದೆ ಮನೆಯವರ ಮುಖ ಹಗುರಾದ ಕೂಟಗಳನ್ನೂ ನೋಡಿದ್ದೇನೆ. ಬಂದ ಪ್ರತಿಯೊಬ್ಬರಿಗೂ ಅಲ್ಲಿ ಜಾಗ ಇದೆ ಅನ್ನಿಸಬೇಕು, ತಮ್ಮ ಕಷ್ಟ ಹೇಳಿಕೊಳ್ಳುವುದಕ್ಕೆ ಧೈರ್ಯ ಬರಬೇಕು, ಹೇಳಿದ್ದು ಬೀದಿಗೆ ಹೋಗಬಾರದು. ನಡೆಸುವವರ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಮುಂದಿನ ಹೆಜ್ಜೆಗಳನ್ನು ಇದನ್ನೇ ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ.

ನಾನು ಹೇಳುವುದು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಪದ್ಧತಿ. ಮಂಗಳೂರು ಕಡೆಯ ಕಥೋಲಿಕರಲ್ಲಿ ವಾರ್ಡು, ಅದಕ್ಕೊಬ್ಬ ಗುರ್ಕಾರ್ (ಮುಂದಾಳು) ಎಂಬ ಏರ್ಪಾಡಿದೆ. ಅಲ್ಲಿ ಕ್ರಮ ಬೇರೆ, ಆದರೆ ಮನೆಯೊಳಗೆ ಜನ ಸೇರಿದಾಗ ಬರುವ ತೊಡಕುಗಳು ಹೆಚ್ಚುಕಡಿಮೆ ಇವೇ.

ಮೊದಲು ಮನೆಗಳ ಪಟ್ಟಿ ನೋಡಿ

ಯಾವ ಮನೆಯಲ್ಲಿ ಕೂಟ ಎಂದು ತೀರ್ಮಾನಿಸುವವರು ಯಾರು? ಸಾಮಾನ್ಯವಾಗಿ ಕೇಳಿದವರಿಗೆ ಸಿಗುತ್ತದೆ. ದೊಡ್ಡ ಹಾಲ್ ಇರುವವರು, ಕುರ್ಚಿ ಇರುವವರು ಕೇಳುತ್ತಾರೆ. ವಠಾರದ ಒಂದೇ ಕೋಣೆಯಲ್ಲಿರುವವರು ಕೇಳುವುದಿಲ್ಲ. ನಿಮ್ಮ ವಾರ್ಡಿನ, ಅಂದರೆ ಸಭೆಯಲ್ಲಿ ನಿಮ್ಮ ಭಾಗದ, ಕುಟುಂಬಗಳ ಹೆಸರು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೋದ ವರ್ಷ ಯಾರ ಮನೆಯಲ್ಲಿ ಕೂಟ ಆಯಿತು ಎಂದು ಗುರುತು ಹಾಕಿ. ಗುರುತಿಲ್ಲದ ಹೆಸರುಗಳನ್ನು ನೋಡಿದರೆ ಗೊತ್ತಾಗುತ್ತದೆ. ಒಬ್ಬಂಟಿ ವಿಧವೆಯರು, ಬೇರೆ ಊರಿಂದ ಕೆಲಸಕ್ಕೆ ಬಂದ ಹುಡುಗರು, ಏನೋ ಮನಸ್ತಾಪವಾಗಿ ದೇವಾಲಯಕ್ಕೆ ಬರುವುದನ್ನೇ ಬಿಟ್ಟವರು ಅಲ್ಲಿರುತ್ತಾರೆ.

ಅಂಥ ಮನೆಗೆ ನೀವೇ ಹೋಗಿ ಕೇಳಿ. “ನಮ್ಮ ಮನೇಲಿ ಜಾಗ ಇಲ್ಲ ಅಣ್ಣಾ” ಎನ್ನುತ್ತಾರೆ. ಆರೇ ಜನ ಬಂದರೆ ಸಾಕು, ಉಳಿದವರು ಬಾಗಿಲ ಹೊರಗೆ ಚಾಪೆ ಹಾಕಿಕೊಳ್ಳುತ್ತಾರೆ ಎಂದು ಹೇಳಿ. ಹಾಗೇ ಮಾಡಿ ಕೂಡ.

ತಿಂಡಿಯ ವಿಷಯವನ್ನೂ ಈಗಲೇ ಮುಗಿಸಿಬಿಡಿ. ಒಬ್ಬರು ಕೇಸರಿಬಾತ್ ಮಾಡುತ್ತಾರೆ, ಮುಂದಿನವರು ಪಲಾವ್ ಮಾಡುತ್ತಾರೆ, ಅದರ ಮುಂದಿನವರು ಬಿರಿಯಾನಿ. ಕಡೆಗೆ ಕೈಯಲ್ಲಿ ಕಾಸಿಲ್ಲದವರು ಕೂಟವನ್ನೇ ಬೇಡ ಎನ್ನುತ್ತಾರೆ. ಇಡೀ ವಾರ್ಡಿಗೆ ಒಂದೇ ನಿಯಮ ಮಾಡಿ: ಟೀ ಅಥವಾ ಕಾಫಿ, ಜೊತೆಗೆ ಬಿಸ್ಕತ್ತು, ಅಷ್ಟೇ. ಈ ನಿಯಮವನ್ನು ಮೊದಲು ಪಾಲಿಸಬೇಕಾದವರು ಅನುಕೂಲಸ್ಥರು. ಸಭೆಗೆ ಬಂದ ಶ್ರೀಮಂತನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ನೆಲದ ಮೇಲೆ ಕೂರಿಸುವುದನ್ನು ಸತ್ಯವೇದದಲ್ಲಿ ಯಾಕೋಬ ತನ್ನ ಪತ್ರದ ಎರಡನೇ ಅಧ್ಯಾಯದಲ್ಲೇ ಖಂಡಿಸಿದ್ದಾನೆ. ನಮ್ಮ ಕಾಲಕ್ಕೆ ಅದು ತಟ್ಟೆಯ ರೂಪದಲ್ಲಿ ಬಂದಿದೆ.

ಎರಡು ದಿನ ಮುಂಚೆ ಮನೆಯವರ ಹತ್ತಿರ ಮಾತಾಡಿ

ಫೋನ್ ಸಾಕು. ಹೋಗಿ ಬಂದರೆ ಇನ್ನೂ ಒಳ್ಳೆಯದು. ಕೂಟ ಯಾವ ಕಾರಣಕ್ಕೆ ಎಂದು ಕೇಳಿ. ಮಗಳ ಪರೀಕ್ಷೆಯೋ, ಅಜ್ಜನ ಕಾಯಿಲೆಯೋ, ತೀರಿಕೊಂಡವರ ನೆನಪಿಗೋ, ಸುಮ್ನೆ ಸರದಿ ಬಂತೆಂದೋ? ಕಾರಣ ಗೊತ್ತಿಲ್ಲದೆ ಹೋದವರು ಸಾವಾದ ಮನೆಯಲ್ಲಿ ಚಪ್ಪಾಳೆಯ ಹಾಡು ಶುರುಮಾಡುತ್ತಾರೆ.

ಹೊತ್ತನ್ನೂ ಅವರನ್ನೇ ಕೇಳಿ ಇಟ್ಟುಕೊಳ್ಳಿ. ಹಳ್ಳಿಯಲ್ಲಿ ಹಾಲು ಕರೆದು ಡೈರಿಗೆ ಹಾಕುವ ಹೊತ್ತಿರುತ್ತದೆ. ಬೆಂಗಳೂರಿನಲ್ಲಿ ನೀರು ಬರುವ ಹೊತ್ತಿರುತ್ತದೆ, ಕಡೆಯ ಬಸ್ಸಿನ ಹೊತ್ತಿರುತ್ತದೆ. ಏಳಕ್ಕೆ ಅಂದರೆ ಏಳಕ್ಕೇ ಶುರು ಮಾಡಿ, ಎಂಟಕ್ಕೆ ಮುಗಿಸಿ. ಮೂರು ಜನ ಬಂದಿದ್ದರೂ ಶುರು ಮಾಡಿ. ಹೊತ್ತಿಗೆ ಸರಿಯಾಗಿ ಬಂದವರನ್ನು ತಡವಾಗಿ ಬರುವವರಿಗಾಗಿ ಕಾಯಿಸಿದರೆ ಮುಂದಿನ ವಾರ ಅವರೂ ತಡವಾಗಿಯೇ ಬರುತ್ತಾರೆ.

ಮೈಕು ಬೇಡ. ಹದಿನೈದು ಜನರಿಗೆ ಮೈಕ್ ಯಾಕೆ? ಪಕ್ಕದ ಮನೆಯಲ್ಲಿ ಓದುವ ಮಗು ಇರುತ್ತದೆ, ಹುಷಾರಿಲ್ಲದವರು ಇರುತ್ತಾರೆ. ಸಂಜೆ ಸ್ವಲ್ಪ ಹಾಡಿನ ಸದ್ದು ಇರುತ್ತದೆ, ಎಂಟಕ್ಕೆ ಮುಗಿಯುತ್ತದೆ ಎಂದು ಮನೆಯವರು ಅಕ್ಕಪಕ್ಕಕ್ಕೆ ಮೊದಲೇ ಒಂದು ಮಾತು ಹೇಳಲಿ. ಅದು ಮರ್ಯಾದೆ.

ಹಾಡು ಎಲ್ಲರ ಗಂಟಲಿಗೆ ಸಿಗುವಂತಿರಲಿ

ಎರಡು ಅಥವಾ ಮೂರು ಹಾಡು. ಒಂದಾದರೂ ಎಲ್ಲರಿಗೂ ಬಾಯಿಪಾಠ ಇರುವ ಹಳೆಯ ಕೀರ್ತನೆ ಇರಬೇಕು. ಯೂಟ್ಯೂಬಿನಲ್ಲಿ ಹೋದ ತಿಂಗಳು ಬಂದ ಹಾಡನ್ನು ಯೌವನಸ್ಥರ ಕೂಟದಲ್ಲಿ ಕಲಿಸಿ, ಇಲ್ಲಿ ಬೇಡ. ಶ್ರುತಿಯನ್ನು ತಗ್ಗಿಸಿ ಶುರು ಮಾಡಿ. ಗಂಡಸರು ತಮ್ಮ ಗಂಟಲಿಗೆ ತಕ್ಕಂತೆ ಎತ್ತಿಕೊಂಡರೆ ವಯಸ್ಸಾದ ತಾಯಂದಿರು ಎರಡನೇ ಚರಣಕ್ಕೆ ಸುಮ್ಮನಾಗುತ್ತಾರೆ. ನಮ್ಮ ಹಾಡಿನ ಪುಸ್ತಕದಲ್ಲಿ ಪಾಶ್ಚಾತ್ಯ ರಾಗದವೂ ಇವೆ, ನಮ್ಮ ನೆಲದ ಮಟ್ಟಿನವೂ ಇವೆ. ವಾದ್ಯವಿಲ್ಲದ ಮನೆಯಲ್ಲಿ ಎರಡನೆಯದು ಚೆನ್ನಾಗಿ ಕೂಡುತ್ತದೆ. ಹಾಡಿನ ನಂಬರನ್ನು ಎರಡು ಸಲ ಹೇಳಿ. ಪುಸ್ತಕ ಇಲ್ಲದವರ ಪಕ್ಕ ಪುಸ್ತಕ ಇರುವವರನ್ನು ಕೂರಿಸಿ.

ಓದುವ ಭಾಗ ಒಂದೇ ಇರಲಿ

ಹತ್ತು ಹನ್ನೆರಡು ವಚನ ಸಾಕು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಾಳೆ ತಿರುಗಿಸುತ್ತಾ ಹೋದರೆ ವಯಸ್ಸಾದವರು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ನೀವು ಮೂರನೇ ಪುಸ್ತಕದಲ್ಲಿರುತ್ತೀರಿ.

“ಒಬ್ಬೊಬ್ಬರು ಒಂದೊಂದು ವಚನ ಓದೋಣ” ಎಂದು ಸಾಲಾಗಿ ಓದಿಸುವ ರೂಢಿ ಬಹಳ ಕಡೆ ಇದೆ. ಇದನ್ನು ದಯವಿಟ್ಟು ಬಿಡಿ. ಓದು ಬಾರದ ಒಬ್ಬ ತಾಯಿ ಆ ಸಾಲಿನಲ್ಲಿದ್ದರೆ, ತನ್ನ ಸರದಿ ಹತ್ತಿರ ಬರುತ್ತಿದ್ದಂತೆ ಆಕೆಗೆ ಏನಾಗುತ್ತದೆ ಎಂದು ಯೋಚಿಸಿ. ಸೆರಗು ಸರಿಮಾಡಿಕೊಂಡು ಒಳಗೆ ನೀರು ಕುಡಿಯಲು ಎದ್ದು ಹೋಗುತ್ತಾರೆ. ಮುಂದಿನ ಕೂಟಕ್ಕೆ ಬರುವುದೇ ಇಲ್ಲ. ಓದುವವರನ್ನು ಮೊದಲೇ ಗುಟ್ಟಾಗಿ ಕೇಳಿ ಒಪ್ಪಿಸಿ. ಆ ಮನೆಯ ಮಗುವಿಗೆ ಕೊಟ್ಟರೆ ಮನೆಯವರಿಗೂ ಖುಷಿ. ಮಗು ಹಳೆಯ ಭಾಷಾಂತರದಲ್ಲಿ ತಡವರಿಸುತ್ತದೆ ಅನ್ನಿಸಿದರೆ ಸರಳ ಭಾಷಾಂತರ ಕೊಡಿ.

ಭಾಷೆಯ ಬಗ್ಗೆ ಇನ್ನೊಂದು ಮಾತು. ಕನ್ನಡದಲ್ಲಿ ಪೂರ್ತಿ ಸತ್ಯವೇದ ಬಳ್ಳಾರಿಯಲ್ಲಿ 1831ರ ಹೊತ್ತಿಗೆ ಬಂತು. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅಂದರೆ ಮನೆಯ ಮಾತಿನಲ್ಲೇ ದೇವರ ವಾಕ್ಯ ಕೇಳಬೇಕು ಎಂಬುದಕ್ಕೆ ನಮ್ಮ ಹಿಂದಿನವರು ಅಷ್ಟು ಕಷ್ಟಪಟ್ಟರು. ನಮ್ಮ ವಾರ್ಡುಗಳಲ್ಲಿ ಇವತ್ತಿಗೂ ತುಳು, ತಮಿಳು, ತೆಲುಗು, ಲಂಬಾಣಿ ಮನೆಮಾತಿನವರು ಇದ್ದಾರೆ. ಒಂದು ಕೂಟದಲ್ಲಿ ಅಜ್ಜಿಯೊಬ್ಬರನ್ನು ಪ್ರಾರ್ಥಿಸಲು ಕೇಳಿದಾಗ ಕನ್ನಡದಲ್ಲಿ ಎರಡು ಮಾತು ಹೇಳಿ ನಿಂತುಬಿಟ್ಟರು. ನಡೆಸುತ್ತಿದ್ದವರು “ನಿಮ್ಮ ಮಾತಲ್ಲೇ ಹೇಳಿ ಅಜ್ಜಿ” ಎಂದರು. ಅಜ್ಜಿ ತಮಿಳಿಗೆ ಹೊರಳಿದರು. ಮೊಮ್ಮಕ್ಕಳ ಹೆಸರು, ತೀರಿಹೋದ ಗಂಡನ ಹೆಸರು, ಮಳೆಗೆ ಸೋರುವ ಮಾಡು, ಎಲ್ಲವೂ ಬಂತು. ಅರ್ಧ ಜನಕ್ಕೆ ತಮಿಳು ಬರುತ್ತಿರಲಿಲ್ಲ. ಆದರೂ ಆಮೆನ್ ಎಂದವರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಯಾರಿಗೆ ಯಾವ ಭಾಷೆ ಹಗುರವೋ ಅದರಲ್ಲೇ ಪ್ರಾರ್ಥಿಸಲು ಬಿಡಿ.

ಮಾತು ಹದಿನೈದು ನಿಮಿಷ

ಪ್ರಸಂಗ ಅಯ್ಯನವರು ಭಾನುವಾರ ಮಾಡುತ್ತಾರೆ. ಇಲ್ಲಿ ಒಂದು ವಿಷಯ ಹೇಳಿ, ಒಂದು ಪ್ರಶ್ನೆ ಕೇಳಿ, ಸಾಕು. ಉದಾಹರಣೆಗೆ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದ ಮೊದಲ ಹನ್ನೆರಡು ವಚನ ತೆಗೆದುಕೊಳ್ಳಿ. ಕಪೆರ್ನೌಮಿನ ಒಂದು ಮನೆ. ಬಾಗಿಲ ಹತ್ತಿರವೂ ಜಾಗವಿಲ್ಲದಷ್ಟು ಜನ. ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ, ಮಾಳಿಗೆ ಕಿತ್ತು ಇಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿದನು ಎಂದು ಅಲ್ಲಿದೆ. ಹೊತ್ತು ತಂದವರ ನಂಬಿಕೆಯೂ ಅಲ್ಲಿ ಲೆಕ್ಕಕ್ಕೆ ಬಂತು.

ಇಷ್ಟು ಹೇಳಿ ಕೇಳಿ: “ನಿಮ್ಮ ಜೀವನದಲ್ಲಿ ನಿಮ್ಮನ್ನು ಹೊತ್ತುಕೊಂಡು ಹೋದವರು ಯಾರು?” ಕೇಳಿದ ಮೇಲೆ ಸುಮ್ಮನಿರಿ. ಮೊದಲು ಯಾರೂ ಮಾತಾಡುವುದಿಲ್ಲ. ಆ ಮೌನಕ್ಕೆ ಹೆದರಿ ನೀವೇ ಉತ್ತರ ಹೇಳಿಬಿಡಬೇಡಿ. ಒಬ್ಬರು ಶುರು ಮಾಡುತ್ತಾರೆ. ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಬಂದು ಕೂತ ಪಕ್ಕದ ಮನೆಯ ಅಕ್ಕ, ಫೀಸು ಕಟ್ಟಿದ ಸಂಡೇಸ್ಕೂಲ್ ಟೀಚರ್, ಹೀಗೆ ಬರುತ್ತಾ ಹೋಗುತ್ತದೆ.

ಪ್ರತಿ ವಾರ್ಡಿನಲ್ಲೂ ಎಲ್ಲ ಪ್ರಶ್ನೆಗೂ ಉತ್ತರ ಕೊಡುವ ಒಬ್ಬ ಹಿರಿಯರು ಇರುತ್ತಾರೆ. ಅವರಿಗೆ ತಿಳಿವಳಿಕೆ ಇದೆ, ಪ್ರೀತಿಯೂ ಇದೆ, ಆದರೆ ಇಪ್ಪತ್ತು ನಿಮಿಷ ಹೋಗಿಬಿಡುತ್ತದೆ. ಅವರನ್ನು ಎದುರಿಗೆ ತಡೆಯಬೇಡಿ. ಕೂಟಕ್ಕೆ ಮೊದಲೇ ಹೋಗಿ, “ಅಂಕಲ್, ಇವತ್ತು ಮಾತಾಡದವರನ್ನ ಮಾತಾಡಿಸಬೇಕು. ಕಡೇಲಿ ಮುಗಿಸುವ ಪ್ರಾರ್ಥನೆ ನೀವು ಮಾಡಿಕೊಡಿ” ಎಂದು ಕೇಳಿಕೊಳ್ಳಿ. ಕೆಲಸ ಕೊಟ್ಟರೆ ಸಂತೋಷದಿಂದ ಮಾಡುತ್ತಾರೆ.

ಕಾಯಿಲೆಯವರ ಮನೆಯಲ್ಲಿ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. “ನಿಮ್ಮ ನಂಬಿಕೆ ಸಾಲದು, ಅದಕ್ಕೇ ವಾಸಿಯಾಗಿಲ್ಲ” ಎಂಬ ಮಾತು ನಿಮ್ಮ ಬಾಯಿಂದ ಬರಕೂಡದು. ಬೇರೆಯವರು ಹೇಳಿದರೂ ಅಲ್ಲೇ ತಿದ್ದಿ. ಕ್ಯಾನ್ಸರ್ ಬಂದವರ ಹಾಸಿಗೆಯ ಪಕ್ಕ ಈ ಮಾತಾಡುವುದು ಕ್ರೂರ. ಈಗ ತಾನೇ ಓದಿದ ಕಥೆಯಲ್ಲೂ ಹಾಸಿಗೆಯಲ್ಲಿದ್ದವನಿಗೆ ನಂಬಿಕೆಯ ಪರೀಕ್ಷೆ ಮಾಡಲಿಲ್ಲ. ಮಾತ್ರೆ ಬಿಡಿ, ಇನ್ಸುಲಿನ್ ಬಿಡಿ, ಪ್ರಾರ್ಥನೆಯೇ ಸಾಕು ಎಂದು ಯಾರಾದರೂ ಹೇಳಿದರೆ ಆ ಕ್ಷಣವೇ ಅಯ್ಯನವರಿಗೆ ತಿಳಿಸಿ. ಮನೆಯವರಿಗೆ ಡಾಕ್ಟರು ಹೇಳಿದ್ದನ್ನು ಬಿಡಬೇಡಿ ಎಂದು ನೇರವಾಗಿ ಹೇಳಿ. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ. ಹುಷಾರಿಲ್ಲದವರು ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಲಿ ಎಂದು ಯಾಕೋಬ ಐದನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಅದಕ್ಕೆ ಮನೆಯವರು ಆಸೆಪಟ್ಟರೆ ಅಯ್ಯನವರನ್ನು ಕರೆದುಕೊಂಡು ಹೋಗಿ.

ಸಾವಿನ ಮನೆಯಲ್ಲಿ ಇನ್ನೂ ಕಡಿಮೆ ಮಾತಾಡಿ. ಮಕ್ಕಳನ್ನು ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದರು. ಅವರು ತಪ್ಪು ಮಾಡಿದ್ದು ಬಾಯಿ ತೆರೆದ ಮೇಲೆ. “ದೇವರ ಚಿತ್ತ” ಎಂದು ನಾವು ಬೇಗ ಹೇಳಿಬಿಡುತ್ತೇವೆ. ಮಗುವನ್ನು ಕಳೆದುಕೊಂಡ ತಾಯಿಗೆ ಅದನ್ನು ಆಕೆಯೇ ಹೇಳಿಕೊಳ್ಳುವ ತನಕ ನಾವು ಹೇಳುವುದು ಬೇಡ. ಸತ್ಯವೇದದ ಕೀರ್ತನೆ 23 ಓದಿ, ಒಂದು ಹಾಡು ಹಾಡಿ, ಕೈ ಹಿಡಿದು ಕೂತಿರಿ.

ಪ್ರಾರ್ಥನೆಯ ವಿಜ್ಞಾಪನೆ

ಪ್ರಾರ್ಥನೆಗೆ ಇಪ್ಪತ್ತು ನಿಮಿಷ ಬಿಡಿ. ಕೂಟ ಕರೆದಿದ್ದೇ ಅದಕ್ಕೆ ಅಲ್ವಾ?

ಯಾರಿಗಾದರೂ ಪ್ರಾರ್ಥನೆ ಬೇಕಾ ಎಂದು ಕೇಳಿದಾಗ ತಮ್ಮ ವಿಷಯ ಮಾತ್ರ ಹೇಳಲಿ. “ಆ ಮನೆಯ ಹುಡುಗಿ ಯಾರದೋ ಜೊತೆ ಓಡಾಡ್ತಿದ್ದಾಳಂತೆ, ಅವಳಿಗಾಗಿ ಪ್ರಾರ್ಥಿಸೋಣ” ಎಂಬುದು ಸುದ್ದಿ ಹರಡುವ ಕೆಲಸ. ಮೆಲ್ಲಗೆ ತಡೆಯಿರಿ: “ಎಲ್ಲ ಮಕ್ಕಳಿಗಾಗಿ ಪ್ರಾರ್ಥಿಸೋಣ ಅಕ್ಕಾ.” ಅಷ್ಟರಲ್ಲಿ ಮಾತು ಮುಗಿಯುತ್ತದೆ.

ಗಂಡನ ಕುಡಿತ, ಸಾಲ, ಗಂಡ ಹೆಂಡತಿ ಜಗಳ ಇಂಥವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಪ್ರಾರ್ಥಿಸಬೇಡಿ. ಆ ಗಂಡ ಮೂಲೆಯಲ್ಲಿ ಕೂತಿರುತ್ತಾನೆ. ಎಷ್ಟೋ ವರ್ಷದ ಮೇಲೆ ಬಂದಿರುತ್ತಾನೆ. “ಕರ್ತನೇ, ಈ ಸಹೋದರನನ್ನು ಮದ್ಯಪಾನದಿಂದ ಬಿಡಿಸು” ಎಂದು ನೀವು ಕಣ್ಣುಮುಚ್ಚಿ ಹೇಳಿದರೆ ಅವನು ಮತ್ತೆ ಬರುವುದಿಲ್ಲ. “ಈ ಮನೆಯ ಪ್ರತಿಯೊಬ್ಬರಿಗೂ ಸಮಾಧಾನ ಕೊಡು” ಎಂದರೆ ದೇವರಿಗೆ ಅರ್ಥವಾಗುತ್ತದೆ. ಹೆಂಡತಿ ಒಬ್ಬಳೇ ಸಿಕ್ಕಾಗ ಮಾತಾಡಿ. ಆದರೆ ಹೊಡೆತ ಬಡಿತ ಇದೆ ಎಂದು ತಿಳಿದರೆ ಬರೀ ಪ್ರಾರ್ಥನೆ ಮಾಡಿ ಎದ್ದು ಬರಬೇಡಿ. ಆಕೆ ಮತ್ತು ಮಕ್ಕಳು ಸುರಕ್ಷಿತವಾಗಿ ಇರುವ ಜಾಗ ಮೊದಲು ನೋಡಿ. 181 ಹೆಂಗಸರ ಸಹಾಯವಾಣಿ, 112 ತುರ್ತು ಕರೆ. ಆಕೆ ಒಪ್ಪಿದರೆ ಅಯ್ಯನವರಿಗೂ ಸ್ತ್ರೀಯರ ಅನ್ಯೋನ್ಯ ಸಭೆಯ (ಸಭೆಯ ಹೆಂಗಸರ ಸಂಘದ) ಹಿರಿಯರಿಗೂ ತಿಳಿಸಿ.

ಕೂಟದಲ್ಲಿ ಕೇಳಿದ್ದನ್ನು ಸಭೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಕಾಯಿಲೆಯವರ ಫೋಟೋ ಅಂತೂ ಬೇಡವೇ ಬೇಡ.

ಕಡೆಗೆ ಎಲ್ಲರೂ ಸೇರಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿ. ಕೈಯೆತ್ತಿ ಆಶೀರ್ವಾದ ಕೊಡುವುದು ದೀಕ್ಷೆ ಪಡೆದ ಸಭಾಪಾಲಕರ ಕೆಲಸ. ಅಯ್ಯನವರು ಇಲ್ಲದಾಗ ಎರಡನೇ ಕೊರಿಂಥ ಪತ್ರದ ಕೊನೆಯ ವಚನವನ್ನು ಎಲ್ಲರೂ ಸೇರಿ, “ನಿಮ್ಮೆಲ್ಲರ ಸಂಗಡ” ಎಂದಿರುವಲ್ಲಿ “ನಮ್ಮೆಲ್ಲರ ಸಂಗಡ” ಎಂದು ಹೇಳಿ ಮುಗಿಸಿ.

ಅಡುಗೆಮನೆಯಲ್ಲಿ ಯಾರಿದ್ದಾರೆ?

ಕೂಟ ನಡೆಯುವ ಮನೆಯ ಸೊಸೆ ಕೂಟದಲ್ಲಿ ಇರುವುದಿಲ್ಲ. ಹಾಡು ಶುರುವಾದಾಗ ಹಾಲು ಕಾಯಿಸುತ್ತಿರುತ್ತಾಳೆ, ಪ್ರಾರ್ಥನೆ ಹೊತ್ತಿಗೆ ಲೋಟ ತೊಳೆಯುತ್ತಿರುತ್ತಾಳೆ. ಅವಳ ಮನೆಗೇ ಬಂದು, ಅವಳನ್ನು ಬಿಟ್ಟು ಪ್ರಾರ್ಥನೆ ಮಾಡಿ ಹೋಗುತ್ತೇವೆ. ಯೇಸು ಮನೆಗೆ ಬಂದಾಗ ಉಪಚಾರದ ಕೆಲಸದಲ್ಲೇ ಮುಳುಗಿದ್ದ ಮಾರ್ತಳ ಕಥೆಯನ್ನು ಆ ಹಾಲ್‌ನಲ್ಲೇ ಎಷ್ಟೋ ಸಲ ಓದಿರುತ್ತೇವೆ. ಮೊದಲೇ ಕಾಫಿ ಮಾಡಿ ಫ್ಲಾಸ್ಕಿಗೆ ಹಾಕಿಟ್ಟುಬಿಡಲು ಹೇಳಿ. ಇಲ್ಲವೇ ಮುಗಿದ ಮೇಲೆ ಇಬ್ಬರು ಗಂಡಸರು ಒಳಗೆ ಹೋಗಿ ಮಾಡಲಿ. “ಅಮ್ಮಾ, ಒಲೆ ಆರಿಸಿ ಬನ್ನಿ, ನೀವು ಕೂತ ಮೇಲೇ ಶುರು” ಎಂದು ಹೇಳಿ ನಿಜವಾಗಿಯೂ ಕಾಯಿರಿ. ಹೊತ್ತಿಗೆ ಸರಿಯಾಗಿ ಶುರು ಮಾಡಬೇಕು ಎಂದ ನಾನೇ ಇದಕ್ಕೆ ಮಾತ್ರ ಐದು ನಿಮಿಷ ಬಿಡುತ್ತೇನೆ.

ಪಕ್ಕದ ಮನೆಯವರು ಬಂದರೆ

ಹಿಂದೂಗಳೋ ಮುಸ್ಲಿಮರೋ ಆದ ನೆರೆಯವರು ಪ್ರೀತಿಯಿಂದ ಬಂದು ಕೂರುವುದು ಇದೆ, ಅದರಲ್ಲೂ ಕಾಯಿಲೆ ಸಾವು ಇದ್ದಾಗ. ಒಳಗೆ ಕರೆದು ಕೂರಿಸಿ. ಅವರ ದೇವರ ಬಗ್ಗೆ, ಪೂಜೆಯ ಬಗ್ಗೆ ಒಂದು ಹಗುರ ಮಾತೂ ಬೇಡ. ಅವರು ಬಂದಿದ್ದಾರೆಂದು ಮಾತಿನ ವಿಷಯವನ್ನೇ ಬದಲಿಸಿ ಅವರಿಗೆ ಗುರಿ ಇಡಬೇಡಿ. ಹಾಡಿನ ಪುಸ್ತಕ ಕೈಗೆ ಕೊಡಿ, ಹಾಡಬೇಕೆಂದು ಒತ್ತಾಯ ಬೇಡ. ಅವರೇ ಪ್ರಾರ್ಥನೆ ಕೇಳಿದರೆ ಹೆಸರು ಹಿಡಿದು ಪ್ರಾರ್ಥಿಸಿ. ನೆರೆಹೊರೆಯ ವಿಶ್ವಾಸ ಕೆಟ್ಟರೆ ಆಮೇಲೆ ದಿನಾ ಅದನ್ನು ಎದುರಿಸುವವರು ಆ ಮನೆಯವರು, ನಾವಲ್ಲ.

ಕಾಣಿಕೆ

ಕೂಟದಲ್ಲಿ ಕಾಣಿಕೆ ತೆಗೆಯುವುದಾದರೆ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ನಿಲ್ಲಬೇಡಿ. ಬಾಗಿಲ ಹತ್ತಿರ ಒಂದು ಡಬ್ಬಿ ಇಡಿ. ಇಬ್ಬರು ಕೂತು ಅಲ್ಲೇ ಎಣಿಸಿ, ಚೀಟಿ ಬರೆದು, ಇಬ್ಬರೂ ಸಹಿ ಹಾಕಿ, ಭಾನುವಾರ ಖಜಾಂಚಿಗೆ ಒಪ್ಪಿಸಿ. ಇನ್ನೂರು ರೂಪಾಯಿ ಆದರೂ ಇದೇ ಕ್ರಮ.

ಮೆಥೊಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಕಾಲದ ಒಂದು ಸಂಗತಿ ಇಲ್ಲಿ ಹೇಳಬೇಕು. ಮೈಸೂರು ಸೀಮೆಯ ಹಳೆಯ ಸಭೆಗಳಲ್ಲಿ ಬಹಳಷ್ಟು ವೆಸ್ಲಿಯನ್ ಮಿಷನ್‌ನಿಂದ ಬಂದವು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಭೆಯ ಕಟ್ಟಡದ ಸಾಲ ತೀರಿಸಲು ಜನರನ್ನು ಹನ್ನೆರಡು ಹನ್ನೆರಡರಂತೆ ಗುಂಪು ಮಾಡಿದರು. ವಾರಕ್ಕೆ ತಲೆಗೆ ಒಂದು ಪೆನ್ನಿ. ಬಡವರು ಕೊಡಲಾರರು ಎಂಬ ಮಾತು ಬಂದಾಗ ಕ್ಯಾಪ್ಟನ್ ಫಾಯ್ ಎಂಬವನು ಎದ್ದು, ತೀರ ಬಡವರಾದ ಹನ್ನೊಂದು ಜನರನ್ನು ನನಗೆ ಕೊಡಿ, ಅವರಿಗೆ ಆಗದಿದ್ದರೆ ಅವರ ಪಾಲನ್ನು ನಾನೇ ಹಾಕುತ್ತೇನೆ ಎಂದ. ಹಣ ಕೇಳಲು ಮನೆಮನೆಗೆ ಹೋದವರಿಗೆ ಅಲ್ಲಿನ ಕಷ್ಟಸುಖ ಕಣ್ಣಿಗೆ ಬಿತ್ತು. ಸಾಲಕ್ಕಾಗಿ ಮಾಡಿದ ಗುಂಪುಗಳು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಕೂಟಗಳಾದವು. ನಮ್ಮ ವಾರ್ಡಿನಲ್ಲೂ ಕೊಡಲಾಗದ ಮನೆಯ ಪಾಲನ್ನು ಸದ್ದಿಲ್ಲದೆ ಹಾಕುವ ಒಬ್ಬರು ಇದ್ದರೆ ಎಷ್ಟು ಚೆನ್ನ.

ಮರುದಿನ ಒಂದು ಫೋನ್ ಮಾಡಿ

ಮನೆಯವರಿಗೊಂದು, ಬರದೇ ಇದ್ದವರಿಗೊಂದು. “ಯಾಕೆ ಬರಲಿಲ್ಲ” ಎಂದು ಕೇಳಬೇಡಿ, “ಹೇಗಿದ್ದೀರಿ” ಎಂದು ಕೇಳಿ. ಪರೀಕ್ಷೆಗಾಗಿ ಪ್ರಾರ್ಥಿಸಿದ್ದರೆ ರಿಸಲ್ಟ್ ಬಂದ ದಿನ ನೆನಪಿಟ್ಟು ಕೇಳಿ. ಒಂದು ಸಣ್ಣ ಪುಸ್ತಕದಲ್ಲಿ ತಾರೀಕು, ಮನೆ, ಓದಿದ ಭಾಗ, ಹಾಡಿದ ಹಾಡು ಬರೆದಿಡಿ. ಜನರ ಗುಟ್ಟುಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ.

ಇನ್ನೊಬ್ಬರನ್ನು ತಯಾರು ಮಾಡಿ

ವರ್ಷವಿಡೀ ಒಬ್ಬರೇ ನಡೆಸಿದರೆ ಅವರಿಗೂ ದಣಿವು, ಜನರಿಗೂ ಬೇಸರ. ಎಲ್ಲವನ್ನೂ ತಾನೇ ಹೊತ್ತುಕೊಂಡಿದ್ದ ಮೋಶೆಗೆ ಅವನ ಮಾವ ಇತ್ರೋನ ಹೇಳಿದ್ದೂ ಇದನ್ನೇ: ಹೀಗೆ ಮಾಡಿದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ.

ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಹಾಕಿಕೊಳ್ಳಿ. ಮೊದಲು ಹಾಡು ಆರಿಸಲಿ, ಆಮೇಲೆ ಆರಂಭದ ಪ್ರಾರ್ಥನೆ ಮಾಡಲಿ, ಆಮೇಲೆ ಮಾತು. ತಪ್ಪು ಹೇಳಿದರೆ ಕೂಟದಲ್ಲೇ ತಿದ್ದಬೇಡಿ. ಆದಿಸಭೆಯ ಬೋಧಕ ಅಪೊಲ್ಲೋಸನ ಬೋಧನೆಯಲ್ಲಿ ಕೊರತೆ ಇದ್ದಾಗ ಪ್ರಿಸ್ಕಿಲ್ಲ ಅಕ್ವಿಲ ದಂಪತಿ ಅವನನ್ನು ತಮ್ಮ ಹತ್ತಿರ ಕರೆದು ವಿವರಿಸಿದರು. ಸಭಾಮಂದಿರದಲ್ಲಿ ಎದ್ದು ನಿಂತು ಅವನ ಮರ್ಯಾದೆ ತೆಗೆಯಲಿಲ್ಲ. ನೀವೂ ಮನೆಗೆ ಕರೆದು ಊಟ ಹಾಕಿ ಹೇಳಿ, ಮೊದಲು ಚೆನ್ನಾಗಿದ್ದದ್ದನ್ನು ಹೇಳಿ.

ಪಟ್ಟಿ ಮಾಡುವಾಗ ಹೆಂಗಸರ ಹೆಸರನ್ನು ಬರೀ ಹಾಡಿಗೆ, ಕಾಫಿಗೆ ಬರೆಯಬೇಡಿ. ಸಿಎಸ್ಐನಲ್ಲಿ ಹೆಂಗಸರು ಸಭಾಪಾಲಕರಾಗಿ ದೀಕ್ಷೆ ಪಡೆಯುತ್ತಿರುವುದು ಇವತ್ತಿನದಲ್ಲ. 2013ರಲ್ಲಿ ಆಂಧ್ರದ ನಂದ್ಯಾಲ ಡಯಾಸಿಸ್‌ಗೆ (ಬಿಷಪ್ ನೋಡಿಕೊಳ್ಳುವ ಸಭಾಪ್ರಾಂತ್ಯಕ್ಕೆ) ಇ. ಪುಷ್ಪಲಲಿತಾ ಬಿಷಪ್ ಆದರು. ಬಿಷಪ್ ಆಗಬಹುದಾದರೆ ನಮ್ಮ ವಾರ್ಡಿನ ಶುಕ್ರವಾರದ ಕೂಟ ನಡೆಸಲು ಅಡ್ಡಿಯೇನು? ಮುಂದಿನ ತಿಂಗಳ ಪಟ್ಟಿ ಬರೆಯುವ ಮೊದಲು ಇಬ್ಬರು ತಾಯಂದಿರನ್ನು ಕೇಳಿ. ಮೊದಲ ಸಲ “ನಮಗೆಲ್ಲಿ ಬರುತ್ತೆ” ಎನ್ನುತ್ತಾರೆ. ಎರಡನೇ ಸಲವೂ ಹೋಗಿ ಕೇಳಿ.